ಬೂದಿ ಕೋಳಿ ಕಾವಿಗೆ ಕೂತಿದ್ದ ದಿನಗಳು

ನಾನು ಈಗಿರುವ ಊರಿನಲ್ಲಿ ಹೊತ್ತು ಮುಳುಗುವ ಸುಮಾರಿಗೆ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ. ಮನೆಯಲ್ಲಿ ಯಾರು ಯಾರೊಂದಿಗೆ ಹೇಗಿದ್ದಾರೆ ಎಂಬುದು ಅವಕ್ಕೆ ಬೇಕಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ ನನಗೆ ಇಲ್ಲಿನ ಕೋಳಿಗಳ ಮೇಲೆ ಸ್ವಲ್ಪ ತಾತ್ಸಾರವೇ ಹುಟ್ಟಿತು. ಪಕ್ಕದ ಮನೆಯ ಗಂಡ ಹೆಂಡತಿ ಮೂರು ದಿನದಿಂದ ಮಾತುಬಿಟ್ಟಿದ್ದಾರೆಂದು ಬೀದಿಗೆಲ್ಲ ಗೊತ್ತಿತ್ತು. ಅವರ ಕೋಳಿಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಒಂದರ ಹಿಂದೊಂದು ಒಳಗೆ ಹೋದವು. ಇವಕ್ಕೆ ಬುದ್ಧಿ ಕಲಿಸಿದವರು ಯಾರೂ ಇಲ್ಲವೇ ಎಂದು ಗಂಡನನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ನಮ್ಮೂರಿನಲ್ಲಿ ಹಾಗಿರಲಿಲ್ಲ. ಒಂದು ಮನೆಯ ಇಬ್ಬರು ಮಾತುಬಿಟ್ಟರೆ ಆ ಮನೆಯ ಕೋಳಿಗಳು ಸಂಜೆ ಗೂಡಿಗೆ ಹೋಗುತ್ತಿರಲಿಲ್ಲ. ಗೂಡಿನ ಬಾಗಿಲ ತನಕ ಬಂದು, ಅಲ್ಲೇ ಹಿತ್ತಿಲಿನಲ್ಲಿ ಒಂದು ಕಾಲು ಎತ್ತಿಕೊಂಡು ನಿಂತುಬಿಡುತ್ತಿದ್ದವು. ಅಟ್ಟಿದರೆ ಗೂಡಿಗೊಂದು ಸುತ್ತು ಹಾಕಿ ಮತ್ತೆ ಅದೇ ಜಾಗಕ್ಕೆ ಬರುತ್ತಿದ್ದವು. ಹಿಡಿದು ಒಳಗೆ ತುರುಕಿದರೆ ರೆಕ್ಕೆ ಬಡಿದು ರಂಪ ಮಾಡಿ ಮಾರನೆಯ ದಿನದಿಂದ ಮೊಟ್ಟೆಯನ್ನೇ ನಿಲ್ಲಿಸುತ್ತಿದ್ದವು. ಜಗಳಕ್ಕೆ ಅವುಗಳ ತಕರಾರು ಇರಲಿಲ್ಲ. ಕೂಗಾಡಲಿ, ಬೈದಾಡಲಿ, ಸತ್ತುಹೋದ ಅಜ್ಜ ಮುತ್ತಜ್ಜಂದಿರನ್ನೆಲ್ಲ ಜಾಲಾಡಲಿ, ಮಾತು ಇದ್ದರೆ ಸಾಕು. ನಮ್ಮ ಬೀದಿಯ ತುದಿಯಲ್ಲಿದ್ದ ಬಸಪ್ಪಾಜಿ ಮತ್ತು ಅವನ ಹೆಂಡತಿ ಮದುವೆಯಾದ ದಿನದಿಂದ ಒಂದು ಮಾತನ್ನೂ ಮೆತ್ತಗೆ ಆಡಿದವರಲ್ಲ. ಊರಿನಲ್ಲಿ ಎಲ್ಲಕ್ಕಿಂತ ಕೊಬ್ಬಿದ ಕೋಳಿಗಳು ಅವರವೇ. ಸುಳ್ಳಿಗೂ ನಮ್ಮ ಕೋಳಿಗಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವಕ್ಕೆ ಆಗದಿದ್ದದ್ದು ಮೌನ ಒಂದೇ.

ಹಾಗಾಗಿ ನಮ್ಮೂರಿನ ಸಂಜೆಗೆ ಬೇರೆಯೇ ಒಂದು ಗಡಿಬಿಡಿ ಇತ್ತು. ಆ ಹೊತ್ತಿಗೆ ನಾವು ಗೂಡಿನ ಹೊತ್ತು ಎನ್ನುತ್ತಿದ್ದೆವು. ಬೆಳಗ್ಗೆ ಮುನಿಸಿಕೊಂಡು ಹೋದ ಗಂಡಸರು ಗೂಡಿನ ಹೊತ್ತಿಗೆ ಮುಂಚೆ ಮನೆ ಸೇರಿ, ಉಪ್ಪು ಇದೆಯೋ ಇಲ್ಲವೋ ಎಂದಾದರೂ ಕೇಳಿ ಮಾತು ಶುರುಮಾಡುತ್ತಿದ್ದರು. ಹೆಣ್ಣು ನೋಡಲು ಬರುವವರು ಊಟದ ಹೊತ್ತಿಗೆ ಬಂದರೂ ಸಂಜೆಯ ತನಕ ಕೂತಿರುತ್ತಿದ್ದರು. ಕಾಫಿ ಕುಡಿಯುತ್ತ, ಬಾಯಿ ಒರೆಸಿಕೊಳ್ಳುತ್ತ, ಕಣ್ಣು ಹಿತ್ತಿಲ ಕಡೆಗೆ. ಕೋಳಿಯನ್ನೇ ಸಾಕದ ಮನೆಯಿಂದ ಸಂಬಂಧ ಬಂದರೆ ಅದೇಕೋ ಏನೋ ಎಂದು ಜನ ಹಿಂಜರಿಯುತ್ತಿದ್ದರು. ನಮ್ಮ ಮೇಷ್ಟರು ಒಬ್ಬಂಟಿ. ಸಾಕಿದ್ದುದೂ ಒಂದೇ ಕೋಳಿ. ಅದು ಆಗಾಗ ಹೊರಗೆ ನಿಲ್ಲುತ್ತಿತ್ತು. ಅವರು ತಮ್ಮೊಂದಿಗೆ ತಾವೇ ಮಾತುಬಿಟ್ಟಿದ್ದಾರೆ ಎಂದು ಊರವರು ನಗುತ್ತಿದ್ದರು. ಅಂಥ ದಿನ ಯಾರಾದರೊಬ್ಬರು ಅವರ ಮನೆಗೆ ಹೋಗಿ ಸ್ವಲ್ಪ ಹೊತ್ತು ಹರಟೆ ಹೊಡೆದು ಬರುತ್ತಿದ್ದರು ಕೂಡ.

ಮನೆಯವರು ಎಂದರೆ ಯಾರು ಎಂಬುದಕ್ಕೆ ಕೋಳಿಗಳದ್ದೇ ಒಂದು ಲೆಕ್ಕ ಇತ್ತು. ಯಾರ ಅಂಗೈಯಿಂದ ಅವು ಕಾಳು ತಿಂದಿರುತ್ತಿದ್ದವೋ ಅವರು ಮನೆಯವರು. ಅವರು ಎದ್ದುಹೋಗಿ ಬೇರೆ ಬೀದಿಯಲ್ಲಿ ಮನೆ ಮಾಡಿದರೂ ಮನೆಯವರೇ. ಅದಕ್ಕೇ, ಯಾರಿಗಾದರೂ ಯಾರೊಂದಿಗಾದರೂ ಇನ್ನೆಂದೂ ಸರಿಹೋಗದು ಅನ್ನಿಸಿದಾಗ ನಮ್ಮೂರಿನಲ್ಲಿ ಒಂದು ದಾರಿ ಇತ್ತು. ಹಟ್ಟಿಯ ಕೋಳಿಗಳನ್ನೆಲ್ಲ ವ್ಯಾಪಾರಿಗೆ ಕೊಟ್ಟು ಬೇರೆ ಊರಿನ ಕೋಳಿಗಳನ್ನು ತರುವುದು. ಹೊಸವು ಹೋದವರ ಕೈಕಾಳು ತಿಂದಿರುವುದಿಲ್ಲ, ಅವರ ಗೊಡವೆ ಅವಕ್ಕಿಲ್ಲ, ಮೊದಲ ಸಂಜೆಯೇ ತಣ್ಣಗೆ ಒಳಗೆ ಹೋಗುತ್ತವೆ. ಹೀಗೆ ಮಾಡಿದವರನ್ನು ‘ಕೋಳಿ ಬದಲಾಯಿಸಿದರು’ ಎನ್ನುತ್ತಿದ್ದೆವು. ಅಂಗಡಿ ಬೀದಿಯ ಅಣ್ಣತಮ್ಮಂದಿರಿಬ್ಬರು ಕೋಳಿ ಬದಲಾಯಿಸಿಕೊಂಡು ಹನ್ನೆರಡು ವರ್ಷ ಎದುರುಬದುರು ಬದುಕಿದ್ದನ್ನು ನಾನೇ ನೋಡಿದ್ದೇನೆ. ದಾರಿಯಲ್ಲಿ ಸಿಕ್ಕರೆ ಪರಸ್ಪರ ನಮಸ್ಕಾರ ಮಾಡುತ್ತಿದ್ದರು, ಪರವೂರಿನವರಂತೆ.

ನಮ್ಮ ಮನೆಯಲ್ಲಿ ಒಂಬತ್ತು ಹೇಂಟೆಗಳಿದ್ದವು, ಒಂದು ಹುಂಜ ಇತ್ತು. ಹೇಂಟೆಗಳಲ್ಲಿ ಯಜಮಾನಿಕೆ ಗೌಡ್ತಿಯದು. ಕೆಂಪು ಮೈ, ಭಾರಿ ಜುಟ್ಟು. ನುಚ್ಚು ಚೆಲ್ಲಿದರೆ ಮೊದಲು ಅವಳು ಕುಕ್ಕಬೇಕು. ಯಾರಾದರೂ ನಡುವೆ ಮೂತಿ ಹಾಕಿದರೆ ತಲೆಯ ಮೇಲೆ ಒಂದು ಬೀಳುತ್ತಿತ್ತು. ಅವಳ ನಂತರ ಚುಕ್ಕಿ, ಚುಕ್ಕಿಯ ನಂತರ ಮತ್ತೊಂದು, ಹೀಗೆ ಇಳಿಯುತ್ತ ಇಳಿಯುತ್ತ ಕೊನೆಗೆ ಬೋಳುಕತ್ತು. ಅವಳಿಗೆ ಹುಟ್ಟಿನಿಂದಲೇ ಕತ್ತಿನಲ್ಲಿ ಗರಿ ಇಲ್ಲ. ಎಲ್ಲರೂ ಕುಕ್ಕುತ್ತಿದ್ದುದು ಅವಳನ್ನೇ, ಅವಳು ಕುಕ್ಕಬಹುದಾದವರು ಯಾರೂ ಇಲ್ಲ. ಗೂಡಿಗೆ ಹೋಗುವಾಗಲೂ ಇದೇ ಸಾಲು. ಮಧ್ಯಾಹ್ನ ನುಗ್ಗೆಮರದ ಬುಡದಲ್ಲಿ ಗುಂಡಿ ಕೆರೆದುಕೊಂಡು ಎಲ್ಲವೂ ಮಣ್ಣುಸ್ನಾನ ಮಾಡುವಾಗ ಮಾತ್ರ ಈ ಭೇದ ಇರುತ್ತಿರಲಿಲ್ಲ. ಗೌಡ್ತಿಯೂ ಬೋಳುಕತ್ತೂ ಒಂದೇ ಗುಂಡಿಯಲ್ಲಿ ಪಕ್ಕಕ್ಕೆ ಪಕ್ಕ ಒರಗಿ, ಕಣ್ಣು ಮುಚ್ಚಿ, ಗರಿಯೊಳಗೆಲ್ಲ ಮಣ್ಣು ತುಂಬಿಕೊಳ್ಳುತ್ತಿದ್ದವು. ನಾನು ಮರಕ್ಕೊರಗಿ ಅದನ್ನು ನೋಡುತ್ತ ಕೂತು ಎಷ್ಟು ಮಧ್ಯಾಹ್ನ ಕಳೆದೆನೋ. ಈಗ ಕಣ್ಣು ಮುಚ್ಚಿದರೂ ಆ ಬೆಚ್ಚಗಿನ ಮಣ್ಣಿನ ವಾಸನೆ ಬರುತ್ತದೆ.

ಈ ಕೋಳಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ನಿಂಗತ್ತೆ, ನನ್ನ ಅಪ್ಪನ ತಂಗಿ. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದಳು. ಮೂವತ್ತು ತುಂಬುತ್ತ ಬಂದಿದ್ದರೂ ಮದುವೆಯಾಗಿರಲಿಲ್ಲ, ಆಗಬೇಕೆಂಬ ಅವಸರವೂ ಅವಳಿಗಿರಲಿಲ್ಲ. ಅವಸರ ಇದ್ದದ್ದು ನನ್ನ ಅಜ್ಜಿ ಚೆನ್ನಾಜಮ್ಮನಿಗೆ. ಅಜ್ಜಿಯದೂ ಅತ್ತೆಯದೂ ಒಂದೇ ಮೂಗು, ಒಂದೇ ಹಟ. ಇಬ್ಬರಿಗೂ ಬೇರೆಯವರ ಮುಂದೆ ತಪ್ಪೊಪ್ಪಿಕೊಳ್ಳುವುದೆಂದರೆ ಹಲ್ಲು ಕೀಳಿಸಿಕೊಂಡಂತೆ. ಅಮ್ಮ ಇವರಿಬ್ಬರ ನಡುವೆ ಬಾಗಿಲ ಚಿಲಕದಂತೆ ಅತ್ತಿತ್ತ ಓಡಾಡುತ್ತಿದ್ದಳು. ಅಪ್ಪ ಹೆಂಚಿನ ಭಟ್ಟಿಯಿಂದ ಬಂದವನು ಉಂಡು ಮಲಗುತ್ತಿದ್ದ.

ನಮ್ಮ ಹುಂಜದ ಹೆಸರು ಸೊಟ್ಟಕಾಲ. ಮೊಟ್ಟೆಯಿಂದ ಬರುವಾಗಲೇ ಅವನ ಎಡಗಾಲು ತಿರುಚಿತ್ತು. ತಾಯಿಕೋಳಿ ಅವನನ್ನು ಹತ್ತಿರ ಸೇರಿಸಲಿಲ್ಲ. ನಿಂಗತ್ತೆ ಬಟ್ಟೆಯ ಚೂರುಗಳ ನಡುವೆ ಇಟ್ಟು, ಕಾಲಿಗೆ ಕಡ್ಡಿ ಕಟ್ಟಿ, ಅಂಗೈಯಲ್ಲಿ ನುಚ್ಚು ಹಿಡಿದು ಬದುಕಿಸಿದ್ದಳು. ದೊಡ್ಡವನಾದ ಮೇಲೆ ಅವನು ಅವಳ ಹಿಂದೆ ಕುಂಟುತ್ತ ಶಾಲೆಯ ತಿರುವಿನವರೆಗೆ ಹೋಗಿ, ಅವಳು ಬರುವ ಹೊತ್ತಿಗೆ ಅದೇ ತಿರುವಿನಲ್ಲಿ ಕಾಯುತ್ತಿದ್ದ. ಗಂಡಸರೆಲ್ಲ ಇಷ್ಟು ನಿಯತ್ತಾಗಿದ್ದರೆ ನಾನು ಯಾವತ್ತೋ ಮದುವೆಯಾಗುತ್ತಿದ್ದೆ ಎಂದು ಅತ್ತೆ ತಮಾಷೆ ಮಾಡುತ್ತಿದ್ದಳು.

ಒಂದು ದಿನ ಮುನ್ಸೂಚನೆ ಇಲ್ಲದೆ ಹೊಳೆಯಾಚೆಯ ಊರಿನಿಂದ ಗಂಡಿನ ಕಡೆಯವರು ಬಂದುಬಿಟ್ಟರು, ಏಳು ಜನ. ಅತ್ತೆ ಶಾಲೆಯಲ್ಲಿದ್ದಳು. ಬಂದವರಿಗೆ ಬರೀ ಸೊಪ್ಪಿನ ಸಾರು ಬಡಿಸುವುದು ಅಜ್ಜಿಯ ಮಟ್ಟಿಗೆ ಸಾಧ್ಯವೇ ಇಲ್ಲದ ಮಾತು. ಮೊಟ್ಟೆಯಿಡುವ ಹೇಂಟೆಯನ್ನು ಯಾರೂ ಕೊಯ್ಯುವುದಿಲ್ಲ. ಉಳಿದದ್ದು ಒಂದು. ಅಜ್ಜಿ ಹೆಚ್ಚು ಯೋಚಿಸಲೂ ಇಲ್ಲ ಎಂದು ಆಮೇಲೆ ಅಮ್ಮ ಹೇಳಿದಳು. ಅತ್ತೆ ಶಾಲೆಯಿಂದ ಬಂದಳು, ತಿರುವಿನಲ್ಲಿ ಹುಂಜ ಕಾಣದಿದ್ದರೂ ಮನೆ ತುಂಬ ಜನ ಇದ್ದದ್ದರಿಂದ ಕೇಳಲಿಲ್ಲ, ಸೀರೆ ಬದಲಿಸಿ ಬಡಿಸಲು ನಿಂತಳು. ಮೂರನೆಯವರ ಎಲೆಗೆ ಸಾರು ಹಾಕುವಾಗ ಸೌಟಿನಲ್ಲಿ ತಿರುಚಿದ ಮೂಳೆಯೊಂದು ಬಂತು. ಅವಳು ಸೌಟನ್ನು ಹಾಗೆಯೇ ಹಿಡಿದುಕೊಂಡು ನಿಂತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಉಳಿದ ನಾಲ್ವರಿಗೂ ಬಡಿಸಿದಳು. ಆಮೇಲೆ ಪಾತ್ರೆ ಕೆಳಗಿಟ್ಟು ಒಳಗೆ ಹೋದಳು.

ಬಂದವರು ಹೊಳೆ ದಾಟಬೇಕೆಂದು ಬೇಗ ಎದ್ದು ಹೋದ ಮೇಲೆ ಅಡುಗೆಮನೆಯಲ್ಲಿ ನಡೆದದ್ದು ಎರಡೇ ಮಾತು. “ಹುಂಜ ಇರೋದೇ ಅದಕ್ಕೆ ಕಣೆ, ಅದೇನು ನಿನ್ನ ಹೊಟ್ಟೇಲಿ ಹುಟ್ಟಿತ್ತಾ?” ಎಂದಳು ಅಜ್ಜಿ. “ನಿನ್ನ ಹೊಟ್ಟೇಲಿ ಹುಟ್ಟಿದ್ದೂ ಅಷ್ಟೇ ಅಲ್ವಾ. ಬಂದೋರಿಗೆ ಬಡಿಸೋಕೆ,” ಎಂದಳು ಅತ್ತೆ. ಅದೇ ಸಂಜೆ ಟ್ರಂಕು, ಹಾಸಿಗೆ ತೆಗೆದುಕೊಂಡು ಹೋಗಿ ಶಾಲೆಯ ಹಿಂದಿದ್ದ ಒಂಟಿ ಕೋಣೆ ಸೇರಿದಳು. ಅವಳು ಗೇಟು ದಾಟಿದಾಗ ಗೂಡಿನ ಹೊತ್ತು. ಒಂಬತ್ತು ಕೋಳಿಗಳೂ ಗೂಡಿನ ಬಾಗಿಲಿಗೆ ಬಂದು, ನಿಂತು, ಒಂದು ಕಾಲು ಎತ್ತಿದವು.

ಒಂದು ವಾರ ಎಲ್ಲರೂ ಸುಮ್ಮನಿದ್ದರು, ಸರಿಹೋಗುತ್ತದೆ ಎಂದು. ಕತ್ತಲಾದ ಮೇಲೆ ಕೋಳಿಗಳು ನುಗ್ಗೆಮರ ಹತ್ತುತ್ತಿದ್ದವು. ಮರದ ಮೇಲಿದ್ದರೆ ಕಾಡುಬೆಕ್ಕು ಬಿಡುತ್ತದೆಯೇ. ಮೊದಲು ಹೋದದ್ದು ಚುಕ್ಕಿ. ಬೆಳಗ್ಗೆ ಬೇಲಿಯ ಹತ್ತಿರ ಅವಳ ಗರಿಗಳು ಬಿದ್ದಿದ್ದವು. ಮತ್ತೆರಡು ದಿನಕ್ಕೆ ಇನ್ನೊಂದು. ಅಮ್ಮ ಅತ್ತೆಯ ಕೋಣೆಗೆ ಹೋಗಿ ಕೈಹಿಡಿದು ಬೇಡಿಕೊಂಡಳು. ಅವ್ವ ಕರೆದರೆ ಬರುತ್ತೇನೆ ಎಂದಳು ಅತ್ತೆ. ಹೋದವಳು ತಾನಾಗಿ ಬರಬೇಕು ಎಂದಳು ಅಜ್ಜಿ. ಬೀದಿಯವರು ಸಂಜೆ ನಮ್ಮ ಬೇಲಿಯ ಪಕ್ಕದಲ್ಲಿ ನಡೆಯುವಾಗ ಹೆಜ್ಜೆ ನಿಧಾನ ಮಾಡುತ್ತಿದ್ದರು. ಅದನ್ನು ಕಂಡು ಅಜ್ಜಿಗೆ ಮೈಯೆಲ್ಲ ಉರಿಯುವಂತಾಗುತ್ತಿತ್ತು. ಹತ್ತನೆಯ ದಿನ ಊಟಕ್ಕೆ ಕೂತಾಗ, ತಟ್ಟೆಯಿಂದ ತಲೆ ಎತ್ತದೆ, ಗುರುವಾರ ವ್ಯಾಪಾರಿ ಬಂದರೆ ಹೇಳಿ, ಕೋಳಿ ಬದಲಾಯಿಸಿಬಿಡೋಣ ಎಂದಳು. ಅಪ್ಪನ ಕೈಯಲ್ಲಿದ್ದ ಮುದ್ದೆ ಹಾಗೇ ನಿಂತಿತು. ಅವನು ಏನಾದರೂ ಹೇಳುತ್ತಾನೆಂದು ನಾನು ಕಾದೆ. ಅವನು ಮುದ್ದೆ ನುಂಗಿದ.

ನನಗಾಗ ಹತ್ತು ವರ್ಷ. ಅತ್ತೆ ದಾರಿಯಲ್ಲಿ ಸಿಕ್ಕಾಗ ನಮಸ್ಕಾರ ಎನ್ನಬೇಕಾಗುತ್ತದೆ, ಅಷ್ಟೇ ನನಗೆ ಹೊಳೆದದ್ದು. ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದವಳಿಗೆ ನಮಸ್ಕಾರ.

ನಮ್ಮನ್ನು ಉಳಿಸಿದವಳು ಬೂದಿ. ಬೂದಿಬಣ್ಣದ ಸಣ್ಣ ಕೋಳಿ, ಸೊಟ್ಟಕಾಲನ ಜೊತೆಯಲ್ಲೇ ಅತ್ತೆಯ ಅಂಗೈಯಲ್ಲಿ ಬೆಳೆದವಳು. ಬುಧವಾರ ಬೆಳಗ್ಗೆ ಅವಳು ಹಿತ್ತಿಲ ಜಗಲಿಯ ಮೂಲೆಯ ಬುಟ್ಟಿಯಲ್ಲಿ ಕೂತವಳು ಏಳಲಿಲ್ಲ. ಹತ್ತಿರ ಹೋದರೆ ಗರಿ ಉಬ್ಬಿಸಿ ಗುರ್ ಎನ್ನುತ್ತಿದ್ದಳು, ಕೈ ಹಾಕಿದರೆ ಕುಕ್ಕುತ್ತಿದ್ದಳು. ಕಾವಿಗೆ ಬಂದಿದ್ದಳು. ಹಟ್ಟಿಯಲ್ಲಿ ಒಂದು ಕೋಳಿ ಕಾವಿಗೆ ಕೂತರೆ, ಅದು ಮರಿಗಳೊಂದಿಗೆ ಎದ್ದು ಬರುವ ತನಕ ಆ ಮನೆಯಿಂದ ಒಂದು ಕೋಳಿಯನ್ನೂ ಹೊರಗೆ ಕೊಡುವಂತಿಲ್ಲ. ಇದು ನಮ್ಮೂರಿನವರು ಯಾರೂ ಮೀರದ ಕಟ್ಟಳೆ. ಕಾವಿಗೆ ಕೂತದ್ದಕ್ಕೆ ಯಾರ ಜಗಳದ ಉಸಾಬರಿಯೂ ಇರುವುದಿಲ್ಲ, ಅದರ ಲೋಕವೇ ಬೇರೆ. ಅಜ್ಜಿ ಬೂದಿಯನ್ನು ನೋಡಿ ನಿಟ್ಟುಸಿರು ಬಿಟ್ಟು, ಒಂಬತ್ತು ಮೊಟ್ಟೆ ಆರಿಸಿ ತಂದು ಅವಳ ಕೆಳಗಿಟ್ಟಳು. ಗುರುವಾರದ ವ್ಯಾಪಾರಿ ಖಾಲಿ ಪಂಜರದೊಂದಿಗೆ ಹಿಂದೆ ಹೋದ. ಇಪ್ಪತ್ತೊಂದು ದಿನ ಸಿಕ್ಕಿತು.

ಇಪ್ಪತ್ತೊಂದು ದಿನ ಸಾಲದು ಎಂದು ನನಗೆ ಅನ್ನಿಸಿತು. ಆ ಇಬ್ಬರ ಹಟ ನನಗೆ ಗೊತ್ತಿತ್ತು. ಮರಿ ಆಗದಿದ್ದರೆ ಬೂದಿ ಏಳುವುದಿಲ್ಲ, ಬೂದಿ ಏಳದಿದ್ದರೆ ಕೋಳಿ ಬದಲಾಯಿಸುವಂತಿಲ್ಲ. ಶನಿವಾರ ಅಜ್ಜಿ ಅಭ್ಯಂಜನಕ್ಕೆಂದು ಬಚ್ಚಲ ಹಂಡೆಗೆ ಉರಿ ಹಾಕಿ, ನೀರು ಕುದಿಯಲು ಬಿಟ್ಟು, ಎಣ್ಣೆ ತರಲು ಅಂಗಡಿಗೆ ಹೋದಳು. ಬೂದಿ ದಿನಕ್ಕೊಮ್ಮೆ ಇಳಿದು, ಅವಸರದಲ್ಲಿ ನಾಲ್ಕು ಕಾಳು ತಿಂದು ನೀರು ಕುಡಿಯುವ ಹೊತ್ತೂ ಅದೇ. ನಾನು ಒಂಬತ್ತು ಮೊಟ್ಟೆಗಳನ್ನೂ ಅಮ್ಮನ ಹಳೆಯ ರವಿಕೆಯಲ್ಲಿ ಕಟ್ಟಿ ಹಂಡೆಯಲ್ಲಿ ಇಳಿಬಿಟ್ಟೆ. ನೂರು ಎಣಿಸಿದೆ, ಸಾಲದೆಂದು ಇನ್ನೊಂದು ನೂರು ಎಣಿಸಿದೆ. ತೆಗೆದು, ಆರಿಸಿ, ಸ್ವಲ್ಪ ಮಣ್ಣು ಸವರಿ ಬುಟ್ಟಿಗಿಟ್ಟೆ. ಕೋಳಿ ಬಂದು ಕಾಲಿನಿಂದ ಮೊಟ್ಟೆಗಳನ್ನು ಸರಿಮಾಡಿಕೊಂಡು, ಕೊಕ್ಕಿನಿಂದ ಒಂದೊಂದನ್ನೂ ಹೊಟ್ಟೆಯ ಕೆಳಗೆ ಎಳೆದುಕೊಂಡು, ಕಣ್ಣು ಅರೆಮುಚ್ಚಿ ಕೂತಳು. ನನಗೆ ಬಹಳ ಖುಷಿಯಾಯಿತು. ಅಷ್ಟೇ ಆಯಿತು, ಇನ್ನೇನೂ ಅನ್ನಿಸಲಿಲ್ಲ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಏಳನೆಯ ದಿನ ಅಜ್ಜಿ ಮೊಟ್ಟೆ ನೋಡಲು ಹೊರಟಳು, ನಾನೂ ಹಿಂದೆಯೇ ಹೋದೆ. ಕಟ್ಟಿದ ಮೊಟ್ಟೆ ಯಾವುದು, ಜೊಳ್ಳು ಯಾವುದು ಎಂದು ನೋಡುವುದರಲ್ಲಿ ಊರಿಗೆಲ್ಲ ಅವಳದ್ದೇ ಕಣ್ಣು. ಉಗ್ರಾಣದ ಬಾಗಿಲು ಮುಚ್ಚಿ, ಹಲಗೆಯ ತೂತಿನಿಂದ ಬರುವ ಬಿಸಿಲ ಕೋಲಿಗೆ ಮೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು. ಒಳಗೆ ಕೆಂಪು ಎಳೆಗಳು ಹರಡಿದ್ದರೆ ಕಟ್ಟಿದೆ ಎಂದರ್ಥ. ನಾನು ಹೊರಗೆ ಉಗುರು ಕಚ್ಚುತ್ತ ನಿಂತೆ. ಒಂಬತ್ತು ಮೊಟ್ಟೆಗೆ ಅಷ್ಟು ಹೊತ್ತು ಬೇಕಿರಲಿಲ್ಲ. ಕೊನೆಗೆ ಬಾಗಿಲು ತೆರೆದು, ಮಡಿಲಲ್ಲಿ ಮೊಟ್ಟೆಗಳನ್ನು ಹಿಡಿದುಕೊಂಡು ಬಂದಳು. ಅಮ್ಮ ಏನಾಯಿತೆಂದು ಕೇಳಿದಳು. “ಎಲ್ಲಾ ಕಟ್ಟ್ಯವೆ,” ಎಂದಳು ಅಜ್ಜಿ, ಒಂದೊಂದನ್ನೇ ಬೂದಿಯ ಕೆಳಗೆ ಮರಳಿ ಇಡುತ್ತ. ಅಜ್ಜಿಯ ಕಣ್ಣು ಮಂಜಾಗಿದೆ, ನನ್ನ ಪುಣ್ಯ, ಎಂದುಕೊಂಡೆ.

ಆ ದಿನಗಳಲ್ಲಿ ಹೊಲಿಗೆಯ ತರಗತಿಯಲ್ಲಿ ನಾನು ಅತ್ತೆಯ ಹತ್ತಿರವೇ ಕೂರುತ್ತಿದ್ದೆ. ಮನೆಯ ಸುದ್ದಿ ಹೇಳಿದರೆ ದಾರ ಪೋಣಿಸು ಎನ್ನುತ್ತಿದ್ದಳು. ಕೋಳಿ ಬದಲಾಯಿಸುವ ಮಾತು ಅವಳ ಕಿವಿಗೂ ಬಿದ್ದಿತ್ತು, ಆದರೆ ಅದನ್ನು ಎತ್ತಲಿಲ್ಲ. ಒಮ್ಮೆ ಮಾತ್ರ ಕಾಜ ಹೊಲಿಯುತ್ತ, ಬೂದಿ ಇಳಿದು ನೀರು ಕುಡಿಯುತ್ತಾಳೋ ಇಲ್ಲವೋ ಎಂದು ಕೇಳಿದಳು. ಅತ್ತೆ ದಿನಾ ಗೂಡಿನ ಹೊತ್ತಿಗೆ ನಮ್ಮ ಓಣಿಯ ತಿರುವಿನ ಹುಣಸೆಮರದವರೆಗೆ ಬಂದು ನಿಂತು ಹೋಗುತ್ತಿದ್ದಳು. ನಾನು ನೋಡಿದ್ದೆ. ಅಲ್ಲಿಂದ ನಮ್ಮ ಹಿತ್ತಿಲು ಚೆನ್ನಾಗಿ ಕಾಣುತ್ತದೆ. ಹಿತ್ತಿಲಿನಿಂದ ಹುಣಸೆಮರವೂ ಚೆನ್ನಾಗಿ ಕಾಣುತ್ತದೆ. ಆ ಹೊತ್ತಿಗೆ ಅಜ್ಜಿ ಹಿತ್ತಿಲ ಜಗಲಿಯಲ್ಲಿ ಮರಕ್ಕೆ ಬೆನ್ನು ಹಾಕಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

ಇಪ್ಪತ್ತೊಂದು ದಿನವಾಯಿತು. ಮೊಟ್ಟೆಯೊಳಗೆ ಟಕ್ ಎನ್ನುವ ಸದ್ದಿಲ್ಲ. ಈ ಸಲ ಮೋಡ ಹೆಚ್ಚಿತ್ತು, ಕಾವು ಸಾಲಲಿಲ್ಲ, ತಡವಾಗುತ್ತದೆ ಎಂದಳು ಅಜ್ಜಿ. ಇಪ್ಪತ್ತೈದಾಯಿತು. ಎದುರು ಮನೆಯ ಕಾಳವ್ವ ಬಂದು, ಇದ್ಯಾಕೋ ಜೊಳ್ಳು, ಎಬ್ಬಿಸಿಬಿಡಿ ಎಂದಳು. ಅವರವರ ಕೋಳಿಯನ್ನು ಅವರವರು ನೋಡಿಕೊಂಡರೆ ಸಾಕು ಎಂದು ಅಜ್ಜಿ ಅವಳ ಬಾಯಿ ಮುಚ್ಚಿಸಿದಳು. ಮೂವತ್ತಾಯಿತು. ಬುಟ್ಟಿಯ ಹತ್ತಿರ ಸಣ್ಣಗೆ ವಾಸನೆ ಬರತೊಡಗಿತು. ಅಜ್ಜಿ ಸದ್ದಿಲ್ಲದೆ ಬೇವಿನ ಸೊಪ್ಪು ತಂದು ಬುಟ್ಟಿಯ ಸುತ್ತ ಹಾಕಿದಳು. ಕಾಡುಬೆಕ್ಕು ಇನ್ನೊಂದನ್ನು ಒಯ್ದಿತ್ತು. ಹೊರಗೆ ನಿಲ್ಲುವವರು ಈಗ ಐದೇ. ಹೀಗೇ ಬಿಟ್ಟರೆ ಬದಲಾಯಿಸಲು ಕೋಳಿಯೇ ಇರುವುದಿಲ್ಲ ಎಂದು ಅಪ್ಪ ಗೊಣಗಿದ. “ಇನ್ನೆರಡು ದಿನ ಇರ್ಲಿ,” ಎಂದಳು ಅಜ್ಜಿ. ಆ ಎರಡು ದಿನ ಮುಗಿದ ಮೇಲೂ ಅದೇ ಮಾತು.

ಬೂದಿ ಮಾತ್ರ ಕರಗುತ್ತಿದ್ದಳು. ಕೆಂಪಗಿದ್ದ ಜುಟ್ಟು ಬೆಳ್ಳಗಾಗಿತ್ತು. ಎದೆಯ ಗರಿ ಉದುರಿ ಮೂಳೆ ಕೈಗೆ ಸಿಗುತ್ತಿತ್ತು. ಮೊದಲು ದಿನಕ್ಕೊಮ್ಮೆ ಇಳಿಯುತ್ತಿದ್ದವಳು ಎರಡು ದಿನಕ್ಕೊಮ್ಮೆ ಇಳಿದಳು, ಆಮೇಲೆ ಇಳಿಯುವುದನ್ನೇ ಬಿಟ್ಟಳು. ಆದರೂ ದಿನಕ್ಕೆ ಎಷ್ಟೋ ಸಲ ಕೊಕ್ಕು ಹಾಕಿ ಮೊಟ್ಟೆಗಳನ್ನು ತಿರುವುತ್ತಿದ್ದಳು, ಎಲ್ಲ ಬದಿಗೂ ಸಮನಾಗಿ ಕಾವು ತಾಗಲೆಂದು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಮೂವತ್ತಾರನೆಯ ದಿನ ಮಧ್ಯಾಹ್ನ ಅಂಗೈಯಲ್ಲಿ ರಾಗಿ ಹಿಡಿದುಕೊಂಡು ಅವಳ ಮುಂದೆ ಕೂತೆ. ಅವಳು ಕುಕ್ಕಲಿಲ್ಲ. ನನ್ನ ಬೆರಳಿನ ಮೇಲೆ ಕೊಕ್ಕು ಇಟ್ಟು ಸುಮ್ಮನಾದಳು. ನಾನು ಜೋರಾಗಿ ಅಳತೊಡಗಿದೆ. ಅಜ್ಜಿ ಬಂದಳು, ಅಮ್ಮನೂ ಬಂದಳು. ಬಿಕ್ಕುತ್ತ ಬಿಕ್ಕುತ್ತ ಎಲ್ಲ ಹೇಳಿದೆ, ಹಂಡೆ, ರವಿಕೆ, ಇನ್ನೂರು ಎಣಿಸಿದ್ದು. ಅಮ್ಮ ಬಾಯಿಗೆ ಸೆರಗು ಹಿಡಿದಳು. ಅಜ್ಜಿ ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು.

“ಗೊತ್ತು ಕಣೆ ಸೋಮಿ. ಏಳನೇ ದಿನವೇ ಗೊತ್ತಾಯ್ತು. ಬೆಂದ ಮೊಟ್ಟೇಲಿ ಬಿಸಿಲು ಹಾಯ್ತದಾ?”

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಜ್ಜಿ ಬೂದಿಯ ಬೆನ್ನ ಮೇಲೆ ಕೈಯಿಟ್ಟಳು. ಯಾವತ್ತೂ ಕುಕ್ಕುವವಳು ಅವತ್ತು ಕುಕ್ಕಲಿಲ್ಲ.

“ಒಂಬತ್ತು ಜೀವ ಹೋದವು. ಬೇಯಿಸಿದ ಪಾಪ ನಿಂದು. ನೋಡಿ ನೋಡಿ ಕೂರಿಸಿದ್ದು ನಂದು. ಇದೂ ಹೋದ್ರೆ ಅದು ಪೂರ್ತಿ ನಂದೇಯ,” ಎಂದಳು.

ಆಮೇಲೆ ಎದ್ದು ಮುಖ ತೊಳೆದಳು. ಒಗೆದ ಸೀರೆ ಉಟ್ಟಳು. ಬೂದಿಯನ್ನು ಬುಟ್ಟಿಯಿಂದ ಎತ್ತದೆ, ಮೊಟ್ಟೆಗಳ ಸಮೇತ ಬುಟ್ಟಿಯನ್ನೇ ಸೊಂಟಕ್ಕೇರಿಸಿಕೊಂಡು, ಸೆರಗನ್ನು ಕೋಳಿಗೆ ಹೊದಿಸಿ ಗೇಟು ದಾಟಿದಳು. ಅಮ್ಮ ಜೊತೆಗೆ ಬರುತ್ತೇನೆಂದಳು. ಬೇಡ ಎಂದು ಕೈಯಲ್ಲೇ ತಡೆದಳು. ಹಾದಿಯಲ್ಲಿ ಜನ ಇದ್ದರು. ಚೆನ್ನಾಜಮ್ಮ ಕೋಳಿ ಹೊತ್ತುಕೊಂಡು ಶಾಲೆಯ ಕಡೆಗೆ ಹೊರಟಿದ್ದನ್ನು ಬೀದಿಯೆಲ್ಲ ನೋಡಿತು. ಅವಳು ಯಾರನ್ನೂ ನೋಡಲಿಲ್ಲ.

ನಾನೂ ಅಮ್ಮನೂ ಹಿತ್ತಿಲಿನಲ್ಲಿ ಉಳಿದೆವು. ಬಿಸಿಲು ನುಗ್ಗೆಮರದ ತುದಿಗೆ ಏರಿತು. ಐದು ಕೋಳಿಗಳು ಎಂದಿನಂತೆ ಕೆರೆಯುವುದು ನಿಲ್ಲಿಸಿ, ಒಂದೊಂದಾಗಿ ಗೂಡಿನ ಬಾಗಿಲಿಗೆ ಬಂದು ನಿಂತವು. ಗೌಡ್ತಿ ಒಂದು ಕಾಲು ಎತ್ತಿದಳು. ಅಮ್ಮ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಶಾಲೆ ನಮ್ಮ ಮನೆಯಿಂದ ಮೂರು ಬೀದಿ ಆಚೆ. ಅಲ್ಲಿ ಏನಾಗುತ್ತಿದೆಯೋ ತಿಳಿಯುವ ದಾರಿ ನಮಗಿರಲಿಲ್ಲ, ಈ ಐದು ಕೋಳಿಗಳ ಹೊರತು. ನಾನು ಗೌಡ್ತಿಯ ಎತ್ತಿದ ಕಾಲನ್ನೇ ನೋಡುತ್ತ ನಿಂತೆ. ಬೆಳಕು ಇಳಿಯಿತು. ಕಾಳವ್ವ ತನ್ನ ಬೇಲಿಯ ಹತ್ತಿರ ಬಂದು ನಿಂತಳು. ಅವಳ ಹಿಂದೆ ಇನ್ನಿಬ್ಬರು.

ಗೌಡ್ತಿ ಕತ್ತು ಓರೆ ಮಾಡಿದಳು, ದೂರದಲ್ಲಿ ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುವವಳಂತೆ. ಕಾಲು ಕೆಳಗಿಟ್ಟಳು. ಮೈ ಒಮ್ಮೆ ಜೋರಾಗಿ ಕೊಡವಿಕೊಂಡು, ತಲೆ ತಗ್ಗಿಸಿ ಗೂಡಿನೊಳಗೆ ಹೋದಳು. ಅವಳ ಹಿಂದೆ ಎರಡನೆಯದು, ಮೂರನೆಯದು, ನಾಲ್ಕನೆಯದು. ಕೊನೆಗೆ ಬೋಳುಕತ್ತು, ಎಲ್ಲರೂ ಹೋದರೆಂದು ಖಚಿತ ಮಾಡಿಕೊಂಡು. ಅಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಎದೆಗೊತ್ತಿಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತಳು. ಬೇಲಿಯಾಚೆ ಕಾಳವ್ವ, ಹೋದವು ನೋಡ್ರೇ, ಎಂದು ಯಾರಿಗೋ ಹೇಳಿದ್ದು ಕೇಳಿಸಿತು.

ಬೂದಿ ಬದುಕಿದಳು. ಅತ್ತೆ ಅವಳ ಹೊಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಅದ್ದಿ ಕಾವು ಇಳಿಸಿದಳಂತೆ, ಒಂದು ವಾರ ಗಂಜಿ ಕುಡಿಸಿದಳಂತೆ. ಮೊಟ್ಟೆಗಳನ್ನು ಶಾಲೆಯ ಹಿಂದೆಯೇ ಹೂತರು. ಅತ್ತೆ ಮನೆಗೆ ಮರಳಿ ಬರಲಿಲ್ಲ, ಆ ಕೋಣೆಯೇ ಅವಳಿಗೆ ಒಗ್ಗಿತ್ತು. ಹೊಳೆಯಾಚೆಯ ಸಂಬಂಧದ ಮಾತನ್ನು ಅಜ್ಜಿ ಮತ್ತೆ ಎತ್ತಲಿಲ್ಲ. ಆದರೆ ದಿನಾ ಗೂಡಿನ ಹೊತ್ತಿಗೆ ಅತ್ತೆ ಹುಣಸೆಮರ ದಾಟಿ ಒಳಗೆ ಬಂದು, ಕಾಳು ಹಾಕಿ, ಅಜ್ಜಿಯೊಂದಿಗೆ ಯಾವುದಕ್ಕಾದರೂ ವಾದ ಮಾಡಿ ಹೋಗುತ್ತಿದ್ದಳು. ಅಜ್ಜಿ ಇರುವ ತನಕ ಒಂದು ಸಂಜೆಯೂ ತಪ್ಪಿಸಲಿಲ್ಲ.

ಆ ದಿನ ಕೋಣೆಯ ಬಾಗಿಲಿನಲ್ಲಿ ಏನು ಮಾತಾಯಿತೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ನನ್ನ ಮದುವೆಯ ಹಿಂದಿನ ದಿನ, ಅತ್ತೆ ನನಗೆ ಜಡೆ ಹಾಕುತ್ತಿದ್ದಾಗ. ಅಜ್ಜಿ ಬಂದು ಬುಟ್ಟಿಯನ್ನು ಹೊಸ್ತಿಲ ಮೇಲಿಟ್ಟಳಂತೆ. ತಪ್ಪಾಯಿತು ಎಂದು ಅನ್ನಲಿಲ್ಲವಂತೆ, ಅದು ಅವಳ ಬಾಯಲ್ಲಿ ಬರುವ ಮಾತೇ ಅಲ್ಲ. ನಾನು ಎಬ್ಬಿಸಿದರೆ ಇದು ಏಳುವುದಿಲ್ಲ, ನೀನು ಎಬ್ಬಿಸು, ಎಂದಳಂತೆ. ಅತ್ತೆ ಒಂದು ಮೊಟ್ಟೆ ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡಿದಳು. ಗೊತ್ತಾಯಿತು.

“ಬೆಂದಿರೋ ಮೊಟ್ಟೆ ಅಂತ ಗೊತ್ತಿದ್ದೂ ಯಾಕವ್ವ ಇಷ್ಟು ದಿನ ಕೂರಿಸಿದ್ದೆ?”

“ನೀನು ಬರ್ತೀಯೇನೋ ಅಂತ,” ಎಂದಳಂತೆ ಅಜ್ಜಿ.

ಇಲ್ಲಿ ನನ್ನ ಹಿತ್ತಿಲಿನಲ್ಲೂ ನಾಲ್ಕು ಕೋಳಿಗಳಿವೆ. ಸಂಜೆಯಾದೊಡನೆ ಒಳಗೆ ಹೋಗುತ್ತವೆ. ನಾನು ಗೂಡಿನ ಬಾಗಿಲು ಹಾಕುವ ಮುಂಚೆ ಓಣಿಯ ತಿರುವಿನ ಕಡೆಗೊಮ್ಮೆ ನೋಡಿ ಬರುತ್ತೇನೆ.